ಗಡಿಯಾರದ ಜೊತೆ ಓಡಿದ ಅಂಚೆ ಸಾರೋಟು

ಬ್ರಿಟನ್ನಿನಲ್ಲಿ ಕುದುರೆ ಸಾರೋಟಿನಲ್ಲಿ ಅಂಚೆ ಸಾಗಿಸುವ ಏರ್ಪಾಡು ಶುರುವಾದದ್ದು 1784ರ ಆಗಸ್ಟ್ 2ರಂದು. ಅಂದು ಸಂಜೆ ನಾಲ್ಕು ಗಂಟೆಗೆ ಬ್ರಿಸ್ಟಲ್ ಪಟ್ಟಣ ಬಿಟ್ಟ ಗಾಡಿ, ಬಾತ್ ಊರಿನ ಮೇಲೆ ಹಾದು, ಸುಮಾರು 120 ಮೈಲಿ ಓಡಿ ಮರುದಿನ ಬೆಳಿಗ್ಗೆ ಎಂಟಕ್ಕೆ ಲಂಡನ್ ಮುಟ್ಟಿತು. ಹದಿನಾರು ಗಂಟೆಯ ಪಯಣ. ಅದೇ ದಾರಿಯಲ್ಲಿ ಸರ್ಕಾರಿ ಅಂಚೆ ಅಲ್ಲಿಯವರೆಗೆ 38 ಗಂಟೆಯಷ್ಟು ಹೊತ್ತು ತೆಗೆದುಕೊಳ್ಳುತ್ತಿತ್ತು. ಕುದುರೆಗಳು ಆ ಒಂದು ರಾತ್ರಿಯಲ್ಲಿ ಹೊಸ ಶಕ್ತಿಯನ್ನೇನೂ ಪಡೆದಿರಲಿಲ್ಲ, ದಾರಿಯೂ ಹಳೆಯದೇ. ಬದಲಾದದ್ದು ವ್ಯವಸ್ಥೆ. ಇಷ್ಟು ಹೊತ್ತಿಗೆ ಹೊರಡಬೇಕು, ಇಂಥ ಊರನ್ನು ಇಷ್ಟು ಹೊತ್ತಿಗೆ ದಾಟಬೇಕು, ಇಷ್ಟು ಹೊತ್ತಿಗೆ ತಲುಪಬೇಕು ಎಂಬ ಕಟ್ಟುನಿಟ್ಟನ್ನು ಅಂಚೆಗೆ ತಂದದ್ದೇ ಈ ಸಾರೋಟಿನ ದೊಡ್ಡ ಸಾಧನೆ.

ಸುದ್ದಿ ಸಾಗಿಸಲು ಕುದುರೆಯನ್ನು ಬಳಸುವುದು ಅದಕ್ಕಿಂತ ಬಹಳ ಹಳೆಯದು. ಪ್ರಾಚೀನ ಪರ್ಷಿಯಾದ ಅರಸರು ಸೂಸಾದಿಂದ ಸಾರ್ಡಿಸ್‌ವರೆಗಿನ ರಾಜಮಾರ್ಗದಲ್ಲಿ ಅಲ್ಲಲ್ಲಿ ಹೊಸ ಕುದುರೆ, ಹೊಸ ಸವಾರರನ್ನು ಸಿದ್ಧವಾಗಿಟ್ಟಿದ್ದರು. ರೋಮಿನ ಚಕ್ರವರ್ತಿ ಆಗಸ್ಟಸ್ ಕಟ್ಟಿದ ಸಾರಿಗೆ ವ್ಯವಸ್ಥೆಯಲ್ಲಿ ಸವಾರರ ಜೊತೆಗೆ ಗಾಡಿಗಳೂ ಇದ್ದವು. ಮಂಗೋಲರ ಸಾಮ್ರಾಜ್ಯದ ಉದ್ದಕ್ಕೂ ಕುದುರೆ ಬದಲಿಸುವ ತಾಣಗಳಿದ್ದವು. ಇವೆಲ್ಲ ಇದ್ದದ್ದು ಅರಸರ ಆಜ್ಞೆಗಳಿಗಾಗಿ, ಸೇನೆಯ ವರದಿಗಳಿಗಾಗಿ. ಊರಿನ ವ್ಯಾಪಾರಿಯ ಪತ್ರಕ್ಕೂ ತಾಯಿಯ ಓಲೆಗೂ ಅಲ್ಲಿ ಜಾಗವಿರಲಿಲ್ಲ.

ಇಂಗ್ಲೆಂಡಿನಲ್ಲಿ ರಾಜನ ಅಂಚೆ ಸಾರ್ವಜನಿಕರಿಗೆ ತೆರೆದದ್ದು 1635ರಲ್ಲಿ, ಒಂದನೆಯ ಚಾರ್ಲ್ಸ್ ಕಾಲದಲ್ಲಿ. ಹೆದ್ದಾರಿಗಳ ಮೇಲಿದ್ದ ಛತ್ರಗಳ ಯಜಮಾನರೇ ಹೆಚ್ಚಾಗಿ ಪೋಸ್ಟ್ ಮಾಸ್ಟರುಗಳು. ಅವರ ಲಾಯದ ಕುದುರೆಯೊಂದರ ಮೇಲೆ ಅಂಚೆಯಾಳು ಚೀಲ ಹೇರಿಕೊಂಡು ಮುಂದಿನ ಊರಿನವರೆಗೆ ಹೋಗಿ ಕೊಡುತ್ತಿದ್ದ. ಅವನ ಸಂಬಳ ಪುಡಿಗಾಸು, ಕುದುರೆ ಬಹುತೇಕ ಬಡಕಲು, ಕೈಯಲ್ಲಿ ಆಯುಧವಿಲ್ಲ. ಚಳಿಗೆ ದಾರಿಯ ಹೆಂಡದಂಗಡಿಯಲ್ಲಿ ಕೂತರೆ ಕೇಳುವವರಿಲ್ಲ. ದಾರಿಗಳ್ಳರಿಗಂತೂ ಅವನು ಸುಲಭದ ತುತ್ತು. ಬ್ಯಾಂಕ್ ನೋಟು ಕಳಿಸುವವರು ಅದನ್ನು ಎರಡು ತುಂಡು ಮಾಡಿ, ಮೊದಲ ತುಂಡು ತಲುಪಿದ ಸುದ್ದಿ ಬಂದ ಮೇಲೆ ಎರಡನೆಯದನ್ನು ಕಳಿಸುವುದು ಒಳ್ಳೆಯದೆಂದು ಅಂಚೆ ಇಲಾಖೆಯೇ ಸಲಹೆ ಕೊಡುತ್ತಿತ್ತು. ಅವಸರದ ಪತ್ರಗಳನ್ನು ಜನ ಕದ್ದುಮುಚ್ಚಿ ಖಾಸಗಿ ಪ್ರಯಾಣಿಕರ ಗಾಡಿಗಳಲ್ಲಿ ಕಳಿಸತೊಡಗಿದ್ದರು. ಹೆಚ್ಚು ಹಣ ಕೊಡಬೇಕಾದರೂ ಅದು ಬೇಗ ತಲುಪುತ್ತಿತ್ತು.

ಇದನ್ನು ಕಣ್ಣಾರೆ ಕಂಡು ಪರಿಹಾರ ಯೋಚಿಸಿದವನು ಅಂಚೆಯವನಲ್ಲ, ನಾಟಕ ಕಂಪನಿಯ ಯಜಮಾನ. 1742ರಲ್ಲಿ ಬಾತ್ ಊರಿನಲ್ಲಿ ಹುಟ್ಟಿದ ಜಾನ್ ಪಾಮರ್‌ಗೆ ಬಾತ್ ಮತ್ತು ಬ್ರಿಸ್ಟಲ್ ಎರಡೂ ಕಡೆ ರಂಗಮಂದಿರಗಳಿದ್ದವು. ಒಂದೇ ತಂಡ ಎರಡೂ ಊರುಗಳಲ್ಲಿ ಆಡಬೇಕಾಗಿತ್ತು. ನಟರನ್ನೂ ಪರದೆಗಳನ್ನೂ ಆಟದ ಹೊತ್ತಿಗೆ ಸರಿಯಾಗಿ ಮುಟ್ಟಿಸಬೇಕು, ಪರದೆ ಏಳುವ ವೇಳೆಗೆ ನಾಯಕಿ ಇನ್ನೂ ದಾರಿಯಲ್ಲಿದ್ದರೆ ಆಗದು. ಗಾಡಿಗಳನ್ನು ಗೊತ್ತುಮಾಡಿ ಹೊತ್ತಿಗೆ ಸರಿಯಾಗಿ ಓಡಿಸುವುದು ಪಾಮರ್‌ಗೆ ದಿನನಿತ್ಯದ ಕೆಲಸವಾಗಿತ್ತು. ಒಳ್ಳೆಯ ನಟನಟಿಯರನ್ನು ಹುಡುಕುತ್ತ ದೇಶ ಸುತ್ತಿದವನಿಗೆ, ತಾನು ಒಂದೇ ದಿನದಲ್ಲಿ ಕ್ರಮಿಸುವ ದಾರಿಗೆ ತನ್ನದೇ ಪತ್ರ ಎರಡು, ಮೂರು ದಿನ ತೆಗೆದುಕೊಳ್ಳುವುದು ಎದ್ದು ಕಂಡಿತು.

1782ರಲ್ಲಿ ಅವನು ತನ್ನ ಯೋಜನೆಯನ್ನು ಸರ್ಕಾರದ ಮುಂದಿಟ್ಟ. ಅಂಚೆಯನ್ನು ಒಂಟಿ ಸವಾರನ ಬದಲು ನಾಲ್ಕು ಕುದುರೆಯ ಸಾರೋಟಿನಲ್ಲಿ ಕಳಿಸಬೇಕು. ಜೊತೆಗೆ ಬಂದೂಕು ಹಿಡಿದ ಕಾವಲುಗಾರ ಇರಬೇಕು. ಪ್ರಯಾಣಿಕರನ್ನೂ ಹತ್ತಿಸಿಕೊಂಡರೆ ಅವರ ಬಾಡಿಗೆಯಿಂದ ಗಾಡಿಯ ಖರ್ಚು ಹುಟ್ಟುತ್ತದೆ. ಲಂಡನ್ನಿನಿಂದ ಎಲ್ಲ ದಿಕ್ಕಿನ ಗಾಡಿಗಳೂ ರಾತ್ರಿ ಎಂಟು ಗಂಟೆಗೆ ಒಟ್ಟಿಗೆ ಹೊರಡಬೇಕು. ಅಂಚೆ ಇಲಾಖೆಯ ಹಿರಿಯ ಅಧಿಕಾರಿಗಳು ಇದನ್ನು ಒಪ್ಪಲಿಲ್ಲ. ಆ ವೇಗ ಅಸಾಧ್ಯ, ಇರುವ ವ್ಯವಸ್ಥೆಯೇ ಚೆನ್ನಾಗಿದೆ ಎಂಬುದು ಅವರ ವಾದ. ಆದರೆ ಖಜಾನೆಯ ಹೊಣೆ ಹೊತ್ತಿದ್ದ ಕಿರಿಯ ವಿಲಿಯಂ ಪಿಟ್ ಇದರ ಬೆಲೆ ಅರಿತ. ಪ್ರಧಾನಿಯಾದ ಮೇಲೆ, ಇಲಾಖೆಯ ಆಕ್ಷೇಪಗಳನ್ನು ಬದಿಗಿಟ್ಟು ಪ್ರಯೋಗಕ್ಕೆ ಅಪ್ಪಣೆ ಕೊಟ್ಟ. ಖರ್ಚು ಪಾಮರ್‌ನದೇ.

ಬ್ರಿಸ್ಟಲ್ ಗಾಡಿ ಗೆದ್ದ ಮೇಲೆ ಯಾರೂ ಎದುರಾಡುವಂತಿರಲಿಲ್ಲ. 1785ರಲ್ಲಿ ನಾರಿಚ್, ಲಿವರ್‌ಪೂಲ್, ಲೀಡ್ಸ್, ಡೋವರ್, ಎಕ್ಸೆಟರ್ ಮೊದಲಾದ ದಾರಿಗಳಲ್ಲಿ ಸಾರೋಟು ಓಡತೊಡಗಿತು. ಮರುವರ್ಷ ಸ್ಕಾಟ್ಲೆಂಡಿನ ಎಡಿನ್‌ಬರೋಗೂ ಹೋಯಿತು. ಪಾಮರ್ ಅಂಚೆಯ ದೊಡ್ಡ ಅಧಿಕಾರಿಯಾದ, ಆದರೆ ಮೇಲಧಿಕಾರಿಗಳ ಜೊತೆ ಹೊಂದಿಕೊಳ್ಳದೆ 1792ರಲ್ಲಿ ಹುದ್ದೆ ಕಳೆದುಕೊಂಡ. ಅವನಿಗೆ ನ್ಯಾಯವಾಗಿ ಸಲ್ಲಬೇಕಾದದ್ದರ ಬಗ್ಗೆ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಚರ್ಚೆ ನಡೆದು, 1808ರಲ್ಲಿ 50,000 ಪೌಂಡು ಮಂಜೂರಾಯಿತು. ಮೊತ್ತ ಸಣ್ಣದಲ್ಲ. ಆದರೂ ಒಂದು ದೇಶದ ಪತ್ರವ್ಯವಹಾರದ ಗತಿಯನ್ನೇ ಬದಲಿಸಿದವನು ಅಷ್ಟು ಕಾಲ ಕಾಯಬೇಕಾಗಿರಲಿಲ್ಲ.

ಮೊದಮೊದಲು ಬಳಸಿದ ಗಾಡಿಗಳು ಸಾಮಾನ್ಯದವು, ಪದೇ ಪದೇ ಮುರಿಯುತ್ತಿದ್ದವು. 1787ರಿಂದ ಜಾನ್ ಬೆಸಂಟ್ ರೂಪಿಸಿದ ಹೊಸ ಮಾದರಿ ಬಂತು. ಲಂಡನ್ನಿನ ಮಿಲ್‌ಬ್ಯಾಂಕ್‌ನಲ್ಲಿದ್ದ ಕಾರ್ಖಾನೆಯಲ್ಲಿ ಅವು ತಯಾರಾದವು. ಬೆಸಂಟ್ ತೀರಿಕೊಂಡ ಮೇಲೆ ಅವನ ಪಾಲುದಾರ ವಿಡ್ಲರ್ 1836ರವರೆಗೆ ಈ ಗುತ್ತಿಗೆಯನ್ನು ಕೈಬಿಡಲಿಲ್ಲ. ಪ್ರತಿದಿನ ಬೆಳಿಗ್ಗೆ ಲಂಡನ್ ತಲುಪಿದ ಸಾರೋಟುಗಳನ್ನು ಮಿಲ್‌ಬ್ಯಾಂಕ್‌ಗೆ ಎಳೆದೊಯ್ದು ತೊಳೆದು, ಅಚ್ಚಿಗೆ ಕೀಲೆಣ್ಣೆ ಹಾಕಿ, ಸಡಿಲವಾದದ್ದನ್ನು ಬಿಗಿದು, ಸಂಜೆಗೆ ಮತ್ತೆ ಕಳಿಸಿಕೊಡುತ್ತಿದ್ದರು. ಎಲ್ಲ ಗಾಡಿಗಳಿಗೂ ಒಂದೇ ಬಣ್ಣ: ಮೇಲ್ಭಾಗ ಕಪ್ಪು, ಕೆಳಗೆ ಗಾಢ ಕೆಂಗಂದು, ಚಕ್ರಗಳು ಉಜ್ವಲ ಕೆಂಪು. ಬಾಗಿಲ ಮೇಲೆ ರಾಜಲಾಂಛನ, ಹಿಂದಿನ ಪೆಟ್ಟಿಗೆಯ ಮೇಲೆ ಗಾಡಿಯ ಸಂಖ್ಯೆ. ಒಳಗೆ ನಾಲ್ಕು ಜನಕ್ಕೆ ಮಾತ್ರ ಜಾಗ. ಮುಂದೆ ಹೊರಗೂ ಮೂವರನ್ನು ಕೂರಿಸಲು ಒಪ್ಪಿಗೆ ಸಿಕ್ಕಿತು. ಆದರೆ ಕಾವಲುಗಾರ ಕೂರುತ್ತಿದ್ದ ಹಿಂಬದಿಗೆ ಯಾವ ಪ್ರಯಾಣಿಕನೂ ಬರುವಂತಿರಲಿಲ್ಲ.

ಈ ಕಾವಲುಗಾರನನ್ನು ಹತ್ತಿರದಿಂದ ನೋಡಬೇಕು. ಇಡೀ ಗಾಡಿಯಲ್ಲಿ ಅಂಚೆ ಇಲಾಖೆಯ ನೌಕರನೆಂದರೆ ಅವನೊಬ್ಬನೇ. ಕುದುರೆಗಳೂ ಹೊಡೆಯುವವನೂ ಕುದುರೆ ಒದಗಿಸುವ ಗುತ್ತಿಗೆದಾರನಿಗೆ ಸೇರಿದವರು. ಕಾವಲುಗಾರನಿಗೆ ನೀಲಿ ಅಂಚಿನ, ಚಿನ್ನದ ಜರಿಯ ಕೆಂಪು ಕೋಟು, ತಲೆಗೆ ಚಿನ್ನದ ಪಟ್ಟಿಯ ಕಪ್ಪು ಟೋಪಿ. ಕಾಲಡಿಯಲ್ಲಿ ಅಂಚೆ ಚೀಲಗಳ ಪೆಟ್ಟಿಗೆ. ಅದರ ಮುಚ್ಚಳದ ಮೇಲೇ ಅವನ ಪಾದ, ಅವನು ಕಾಲೆತ್ತದೆ ಅದನ್ನು ತೆರೆಯುವಂತಿಲ್ಲ. ಕೈಗೆಟುಕುವಂತೆ ಅಗಲ ಬಾಯಿಯ ಗಿಡ್ಡ ಬಂದೂಕು ಮತ್ತು ಎರಡು ಪಿಸ್ತೂಲು. ಗಾಡಿ ಕೆಟ್ಟರೆ ಸರಿಪಡಿಸಲು ಸಲಕರಣೆಗಳ ಪೆಟ್ಟಿಗೆ. ಪಕ್ಕದಲ್ಲಿ ಉದ್ದನೆಯ ತಗಡಿನ ಕಹಳೆ. ಇನ್ನೊಂದು ಬದಿಯ ಚರ್ಮದ ಚೀಲದಲ್ಲಿ, ಬೀಗ ಹಾಕಿದ ಪೆಟ್ಟಿಗೆಯೊಳಗೆ, ಗಡಿಯಾರ. ಆ ಬೀಗವೂ ಅರ್ಥಪೂರ್ಣವೇ: ತಡವಾದಾಗ ಮುಳ್ಳನ್ನು ಹಿಂದಕ್ಕೆ ತಿರುಗಿಸುವ ಆಸೆ ಯಾರಿಗೂ ಹುಟ್ಟಬಾರದು.

ಗಡಿಯಾರದ ಕೆಲಸ ಇನ್ನೂ ಸ್ವಾರಸ್ಯದ್ದು. ಆಗ ಪ್ರತಿ ಊರಿಗೂ ಅದರದೇ ಸೂರ್ಯಮಾನದ ಹೊತ್ತು. ಬ್ರಿಸ್ಟಲ್ ಲಂಡನ್ನಿಗಿಂತ ಸುಮಾರು ಹತ್ತು ನಿಮಿಷ ಹಿಂದೆ. ಹಾಗಾಗಿ ಪಶ್ಚಿಮಕ್ಕೆ ಹೋಗುವ ಗಡಿಯಾರ ತುಸು ನಿಧಾನವಾಗಿಯೂ ಪೂರ್ವಕ್ಕೆ ಬರುವುದು ತುಸು ಬೇಗವಾಗಿಯೂ ಓಡುವಂತೆ ಹೊಂದಿಸುತ್ತಿದ್ದರು. ಕಾವಲುಗಾರನ ಬಳಿ ಪ್ರತಿ ನಿಲ್ದಾಣದ ವೇಳೆ ಬರೆದ ಹಾಳೆ ಇರುತ್ತಿತ್ತು. ತಲುಪಿದ ಹೊತ್ತು, ಹೊರಟ ಹೊತ್ತು, ತಡವಾಗಿದ್ದರೆ ಕಾರಣ, ಎಲ್ಲವನ್ನೂ ಅದರಲ್ಲಿ ತುಂಬಿಸಿ ಒಪ್ಪಿಸಬೇಕು. ದಾರಿಯ ಊರವರು ಅಂಚೆ ಸಾರೋಟು ಬಂದದ್ದನ್ನು ಕೇಳಿ ತಮ್ಮ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರೆಂದರೆ ಅದರ ಮೇಲಿದ್ದ ನಂಬಿಕೆ ಎಷ್ಟೆಂದು ತಿಳಿಯುತ್ತದೆ.

ಕಹಳೆ ಸಂಭ್ರಮಕ್ಕೆ ಊದುವುದಾಗಿರಲಿಲ್ಲ. ಹೆದ್ದಾರಿಯಲ್ಲಿ ಅಲ್ಲಲ್ಲಿ ಸುಂಕದಕಟ್ಟೆಗಳಿದ್ದವು. ಅಂಚೆ ಸಾರೋಟಿಗೆ ಸುಂಕವಿಲ್ಲ, ಅದನ್ನು ತಡೆಯಲೂಬಾರದು. ದೂರದಲ್ಲಿ ಕಹಳೆ ಕೇಳಿದ ತಕ್ಷಣ ಕಟ್ಟೆಯವನು ನಡುರಾತ್ರಿಯಾದರೂ ಎದ್ದು ಗೇಟು ತೆರೆದಿರಬೇಕು, ಇಲ್ಲದಿದ್ದರೆ 40 ಶಿಲ್ಲಿಂಗ್ ದಂಡ. ಮುಂದಿನ ಲಾಯದವರಿಗೂ ಅದೇ ಸೂಚನೆ: ಹೊಸ ಕುದುರೆಗಳಿಗೆ ಸರಂಜಾಮು ಬಿಗಿದು ಹೊರಗೆ ತಂದು ನಿಲ್ಲಿಸಬೇಕು. ಸುಮಾರು ಹತ್ತು ಮೈಲಿಗೊಮ್ಮೆ ನಾಲ್ಕೂ ಕುದುರೆಗಳನ್ನು ಬದಲಿಸುತ್ತಿದ್ದರು. ಆರಂಭದಲ್ಲಿ ಐದು ನಿಮಿಷ ಹಿಡಿಯುತ್ತಿದ್ದ ಆ ಕೆಲಸ 1830ರ ಹೊತ್ತಿಗೆ ಪಳಗಿದ ಲಾಯಗಳಲ್ಲಿ ಒಂದು ನಿಮಿಷದೊಳಗೆ ಮುಗಿಯುತ್ತಿತ್ತು. ಚಿಕ್ಕ ಊರುಗಳಲ್ಲಂತೂ ಗಾಡಿ ನಿಲ್ಲುತ್ತಲೇ ಇರಲಿಲ್ಲ. ಪೋಸ್ಟ್ ಮಾಸ್ಟರ್ ಕೋಲಿಗೆ ಸಿಕ್ಕಿಸಿ ಎತ್ತಿ ಹಿಡಿದ ಚೀಲವನ್ನು ಕಾವಲುಗಾರ ಓಡುತ್ತಲೇ ಕಿತ್ತುಕೊಂಡು, ಆ ಊರಿನ ಚೀಲವನ್ನು ಕೆಳಗೆ ಎಸೆಯುತ್ತಿದ್ದ. ಗಾಡಿ ಮುರಿದು ನಿಂತರೆ ಪ್ರಯಾಣಿಕರನ್ನು ಅಲ್ಲೇ ಬಿಟ್ಟು, ಒಂದು ಕುದುರೆ ಬಿಚ್ಚಿಕೊಂಡು, ಚೀಲಗಳೊಂದಿಗೆ ಮುಂದೆ ಹೋಗಬೇಕೆಂಬುದು ಅವನಿಗಿದ್ದ ಆಜ್ಞೆ. ಇಷ್ಟಕ್ಕೆಲ್ಲ ವಾರದ ಸಂಬಳ ಹತ್ತೂವರೆ ಶಿಲ್ಲಿಂಗ್. ಪ್ರಯಾಣಿಕರು ಕೊಡುವ ಇನಾಮೇ ಅವನ ನಿಜವಾದ ಸಂಪಾದನೆ. ಕೆಲವರು ಮೇಲಧಿಕಾರಿಗಳ ಕಣ್ಣು ತಪ್ಪಿಸಿ ಮೀನು, ಮಾಂಸ, ಬೇಟೆಯ ಹಕ್ಕಿಗಳನ್ನು ಸಾಗಿಸಿ ನಾಲ್ಕು ಕಾಸು ಮಾಡಿಕೊಳ್ಳುತ್ತಿದ್ದರು. ಅಷ್ಟು ಕಡಿಮೆ ಸಂಬಳ ಕೊಟ್ಟು ಅದನ್ನು ದೊಡ್ಡ ಅಪರಾಧವೆಂದು ಎಣಿಸುವುದು ಕಷ್ಟ.

ವೇಗ ಹೆಚ್ಚಿಸಿದ್ದು ರಸ್ತೆ. 1784ರಲ್ಲಿ ಸಾರೋಟು ಗಂಟೆಗೆ ಏಳೆಂಟು ಮೈಲಿ ಹೋಗುತ್ತಿತ್ತು. ಜಾನ್ ಲೌಡನ್ ಮೆಕಾಡಮ್ ಸಣ್ಣ ಜಲ್ಲಿಯನ್ನು ಪದರ ಪದರವಾಗಿ ಹರಡಿ ಗಟ್ಟಿ ಮಾಡುವ ವಿಧಾನ ಬಳಕೆಗೆ ತಂದ. ಥಾಮಸ್ ಟೆಲ್‌ಫರ್ಡ್ ಲಂಡನ್ನಿನಿಂದ ವೇಲ್ಸ್‌ನ ಹೋಲಿಹೆಡ್ ಬಂದರಿನವರೆಗೆ ಗುಡ್ಡಗಳ ನಡುವೆ ಇಳಿಜಾರು ತಗ್ಗಿಸಿ ರಸ್ತೆ ಕಟ್ಟಿದ. ಐರ್ಲೆಂಡಿನ ಅಂಚೆ ಹೋಗುತ್ತಿದ್ದದ್ದು ಆ ದಾರಿಯಲ್ಲೇ. ಅದೇ ದಾರಿಯಲ್ಲಿ ಟೆಲ್‌ಫರ್ಡ್ ಕಟ್ಟಿದ ಮೆನಾಯ್ ತೂಗುಸೇತುವೆ 1826ರ ಜನವರಿ 30ರಂದು ತೆರೆದಾಗ, ನಡುರಾತ್ರಿ ಕಳೆದ ಮೇಲೆ ಅದರ ಮೇಲೆ ಮೊದಲು ದಾಟಿದ್ದು ಲಂಡನ್ನಿನ ಅಂಚೆ ಸಾರೋಟು. ಗಂಟೆಗೆ ಹತ್ತು ಮೈಲಿ ಆಗ ಸಾಮಾನ್ಯವಾಯಿತು. ಮೊದಲು 60 ಗಂಟೆ ಬೇಕಾಗಿದ್ದ ಲಂಡನ್–ಎಡಿನ್‌ಬರೋ ದಾರಿ 1830ರ ದಶಕದಲ್ಲಿ 45 ಗಂಟೆಯ ಆಸುಪಾಸಿಗೆ ಇಳಿಯಿತು.

ಈ ವೇಗದ ಬೆಲೆ ತೆತ್ತದ್ದು ಕುದುರೆಗಳು. ಮೈಲಿಗೊಂದು ಕುದುರೆ ಬೇಕೆಂಬುದು ಗುತ್ತಿಗೆದಾರರ ಲೆಕ್ಕ. ಒಂದು ಕುದುರೆ ದಿನಕ್ಕೆ ಓಡುತ್ತಿದ್ದದ್ದು ಒಂದು ಗಂಟೆಯಷ್ಟೇ, ಆದರೆ ಆ ಒಂದು ಗಂಟೆ ಉಸಿರು ಕಟ್ಟುವ ಓಟ. ವೇಗದ ದಾರಿಗಳಲ್ಲಿ ಮೂರು, ನಾಲ್ಕು ವರ್ಷಕ್ಕೆ ಅವು ಸವೆದುಹೋಗಿ, ಹೊಲದ ಕೆಲಸಕ್ಕೋ ಬಾಡಿಗೆ ಗಾಡಿಗೋ ಮಾರಾಟವಾಗುತ್ತಿದ್ದವು. ಲಂಡನ್ನಿನ 'ಸ್ವಾನ್ ವಿತ್ ಟೂ ನೆಕ್ಸ್' ಛತ್ರದ ಯಜಮಾನ ವಿಲಿಯಂ ಚಾಪ್ಲಿನ್ ಬಳಿ 1838ರಲ್ಲಿ ಸುಮಾರು 1,800 ಕುದುರೆಗಳಿದ್ದವು. ಅಂಗಳದ ಕೆಳಗೆ ನೆಲಮಾಳಿಗೆಯಲ್ಲೇ 200 ಕುದುರೆಗಳ ಲಾಯ. ರಾಜಧಾನಿಯಿಂದ ರಾತ್ರಿ ಹೊರಡುತ್ತಿದ್ದ 27 ಅಂಚೆ ಸಾರೋಟುಗಳಲ್ಲಿ 14ಕ್ಕೆ ಕುದುರೆ ಒದಗಿಸುತ್ತಿದ್ದವನು ಅವನೇ.

ಸಾರೋಟಿನ ಮೇಲೆ ದಾರಿಗಳ್ಳರ ದಾಳಿ ಅಪರೂಪವಾಯಿತು. ಅಪಾಯ ಬಂದದ್ದು ಬೇರೆ ರೂಪಗಳಲ್ಲಿ. 1816ರ ಅಕ್ಟೋಬರ್ 20ರ ರಾತ್ರಿ ಎಕ್ಸೆಟರ್‌ನಿಂದ ಲಂಡನ್ನಿಗೆ ಬರುತ್ತಿದ್ದ ಸಾರೋಟಿನ ಕುದುರೆಗಳು ಸಾಲಿಸ್‌ಬರಿಯ ಬಳಿ ಬೆದರತೊಡಗಿದವು. ಪಕ್ಕದಲ್ಲಿ ಕರುವಿನಂಥ ಒಂದು ಪ್ರಾಣಿ ಓಡಿ ಬರುತ್ತಿತ್ತು. ವಿಂಟರ್‌ಸ್ಲೋ ಛತ್ರದ ಮುಂದೆ ಗಾಡಿ ನಿಂತದ್ದೇ ತಡ, ಅದು ಮುಂದಿನ ಕುದುರೆಯ ಮೇಲೆ ಎಗರಿತು. ಸಂಚಾರಿ ಮೃಗಪ್ರದರ್ಶನದಿಂದ ತಪ್ಪಿಸಿಕೊಂಡಿದ್ದ ಹೆಣ್ಣು ಸಿಂಹ! ಪ್ರಯಾಣಿಕರು ಛತ್ರದೊಳಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಕಾವಲುಗಾರ ಬಂದೂಕು ಎತ್ತಿದ. ಅಷ್ಟರಲ್ಲಿ ಬಂದ ಪ್ರದರ್ಶನದವರು ಗುಂಡು ಹಾರಿಸಬೇಡಿರೆಂದು ಬೇಡಿಕೊಂಡು, ನಾಯಿಯನ್ನು ಛೂ ಬಿಟ್ಟರು. ಸಿಂಹ ಕುದುರೆಯನ್ನು ಬಿಟ್ಟು ನಾಯಿಯತ್ತ ತಿರುಗಿತು, ಕೊನೆಗೆ ಕಣಜದ ಕೆಳಗೆ ಅಡಗಿ ಸಿಕ್ಕಿಬಿತ್ತು. ಗಾಯಗೊಂಡ ಕುದುರೆ ಪಾಮಗ್ರನೇಟ್ ಬದುಕಿತು. ಬೇರೆ ಕುದುರೆ ಕಟ್ಟಿಕೊಂಡು ಸಾರೋಟು ಹೊರಟಾಗ ಆಗಿದ್ದ ತಡ 45 ನಿಮಿಷ.

ಹಿಮ ಅದಕ್ಕಿಂತ ಕ್ರೂರ. 1831ರ ಫೆಬ್ರುವರಿ 1ರಂದು ಸ್ಕಾಟ್ಲೆಂಡಿನ ಡಂಫ್ರೀಸ್‌ನಿಂದ ಎಡಿನ್‌ಬರೋಗೆ ಹೊರಟ ಸಾರೋಟು ಮೊಫಟ್ ಊರು ದಾಟಿದ ಮೇಲೆ ಹಿಮದಲ್ಲಿ ಹೂತುಹೋಯಿತು. ಕಾವಲುಗಾರ ಜೇಮ್ಸ್ ಮೆಕ್‌ಜಾರ್ಜ್ ಮತ್ತು ಸಾರಥಿ ಜಾನ್ ಗುಡ್‌ಫೆಲೋ ಚೀಲಗಳನ್ನು ಕುದುರೆಗಳ ಮೇಲೆ ಹೇರಿ ಬೆಟ್ಟ ಹತ್ತಿದರು. ಕುದುರೆಗಳೂ ಸೋತಾಗ ಅವನ್ನು ಬಿಟ್ಟು, ಚೀಲಗಳನ್ನು ತಾವೇ ಹೊತ್ತು ನಡೆದರು. ಕೆಲವು ದಿನಗಳ ಮೇಲೆ ಇಬ್ಬರ ಶವಗಳೂ ಸಿಕ್ಕವು. ಅದಕ್ಕೂ ಮೊದಲು ಸಿಕ್ಕಿದ್ದು ಅಂಚೆ ಚೀಲಗಳು: ಹಿಮದಲ್ಲಿ ಮುಚ್ಚಿಹೋಗದಂತೆ ದಾರಿಬದಿಯ ಕಂಬಕ್ಕೆ ಭದ್ರವಾಗಿ ಕಟ್ಟಿಟ್ಟಿದ್ದರು. ಆ ಬೆಟ್ಟದ ರಸ್ತೆಯಲ್ಲಿ ಅವರ ಸ್ಮಾರಕ ಇಂದಿಗೂ ಇದೆ.

ಪತ್ರದ ಜೊತೆ ಸಾರೋಟು ಸುದ್ದಿಯನ್ನೂ ಒಯ್ಯುತ್ತಿತ್ತು. ಲಂಡನ್ನಿನ ಪತ್ರಿಕೆಗಳು ಊರೂರು ಸೇರುತ್ತಿದ್ದದ್ದು ಇದರಲ್ಲೇ. ಯುದ್ಧ ಗೆದ್ದ ದಿನ ಗಾಡಿಗಳಿಗೆ ಓಕ್ ಎಲೆ, ಹೂವು, ರಿಬ್ಬನ್ ಕಟ್ಟಿ ಕಳಿಸುತ್ತಿದ್ದರು. ಗೆಲುವಿನ ಸುದ್ದಿ ಬಾಯಿಂದ ಬರುವ ಮೊದಲೇ ಹಳ್ಳಿಗರಿಗೆ ತಿಳಿಯುತ್ತಿತ್ತು. 1815ರ ವಾಟರ್‌ಲೂ ಗೆಲುವು ಹೀಗೇ ಹರಡಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ವಾರ್ತೆ ಹಡಗಿನಲ್ಲಿ ಲಂಡನ್ ಮುಟ್ಟಿದ್ದು ಸೆಪ್ಟೆಂಬರಿನಲ್ಲಿ. ಅಲ್ಲಿಗೆ ನಾಲ್ಕು ತಿಂಗಳು. ಲಂಡನ್ನಿನಿಂದ ಸ್ಕಾಟ್ಲೆಂಡಿಗೆ ಅಂಚೆ ಸಾರೋಟಿನಲ್ಲಿ ಹೋಗಲು ಅದಕ್ಕೆ ಮೂರು ದಿನವೂ ಬೇಕಿರಲಿಲ್ಲ.

ಇಷ್ಟಾದರೂ ಬಡವರಿಗೆ ಅಂಚೆ ಎಟುಕಲಿಲ್ಲ. ದರ ನಿಗದಿಯಾಗುತ್ತಿದ್ದದ್ದು ದೂರ ಮತ್ತು ಹಾಳೆಗಳ ಲೆಕ್ಕದಲ್ಲಿ. ಹಣ ಕೊಡುತ್ತಿದ್ದವರು ಸಾಮಾನ್ಯವಾಗಿ ಪತ್ರ ಪಡೆದವರು. ಲಂಡನ್ನಿನಿಂದ ಎಡಿನ್‌ಬರೋಗೆ ಒಂದೇ ಹಾಳೆಯ ಪತ್ರಕ್ಕೆ ಒಂದು ಶಿಲ್ಲಿಂಗಿಗೂ ಹೆಚ್ಚು. ಸ್ಕಾಟ್ಲೆಂಡಿನಲ್ಲಿ 1813ರಲ್ಲಿ ಅಂಚೆ ಸಾರೋಟಿನ ಸುಂಕ ವಿನಾಯಿತಿ ರದ್ದಾದಾಗ, ಆ ಹೊರೆಯನ್ನು ಪ್ರತಿ ಪತ್ರದ ಮೇಲೆ ಅರ್ಧ ಪೆನ್ನಿಯಂತೆ ಜನರ ಮೇಲೇ ಹಾಕಿದರು. ಅಂಚೆ ಸುಧಾರಕ ರೋಲಂಡ್ ಹಿಲ್‌ನ ಒಂದು ಪೆನ್ನಿಯ ಅಂಚೆ 1840ರಲ್ಲಿ ಬಂದು ಈ ಅನ್ಯಾಯ ನೀಗಿತು. ಆದರೆ ಅಷ್ಟರಲ್ಲಿ ಸಾರೋಟಿನ ಕಾಲವೇ ಮುಗಿಯುತ್ತ ಬಂದಿತ್ತು.

1830ರ ನವೆಂಬರ್ 11ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮೊದಲ ಬಾರಿಗೆ ಅಂಚೆ ಒಯ್ಯಿತು. 1838ರ ಕಾನೂನು ರೈಲು ಕಂಪನಿಗಳೆಲ್ಲ ಅಂಚೆ ಸಾಗಿಸಲೇಬೇಕೆಂದಿತು. ಕೆಲಕಾಲ ಅಂಚೆ ಸಾರೋಟುಗಳನ್ನೇ ಚಕ್ರಸಮೇತ ರೈಲಿನ ಬಯಲು ಬೋಗಿಯ ಮೇಲೆ ಹತ್ತಿಸಿ, ಹಳಿ ಮುಗಿದಲ್ಲಿ ಇಳಿಸಿ ಕುದುರೆ ಕಟ್ಟುವುದೂ ನಡೆಯಿತು. ಚಾಪ್ಲಿನ್ ಗಾಳಿ ಬೀಸುವ ದಿಕ್ಕು ಕಂಡು ಸಾರೋಟುಗಳನ್ನು ಮಾರಿ, ಹಣವನ್ನು ರೈಲಿಗೆ ಹಾಕಿ, ಮುಂದೆ ಲಂಡನ್ ಅಂಡ್ ಸೌತ್ ವೆಸ್ಟರ್ನ್ ರೈಲ್ವೆಯ ಅಧ್ಯಕ್ಷನೂ ಆದ. ಲಾಯದ ಆಳುಗಳಿಗೆ, ದಾರಿಬದಿಯ ನೂರಾರು ಛತ್ರಗಳಿಗೆ ಅಂಥ ಅದೃಷ್ಟವಿರಲಿಲ್ಲ. ಲಂಡನ್ನಿನ ಕೊನೆಯ ಅಂಚೆ ಸಾರೋಟು 1846ರ ಜನವರಿಯಲ್ಲಿ ನಾರಿಚ್ ದಾರಿಯಲ್ಲಿ ನಿಂತಿತು. ಸ್ಕಾಟ್ಲೆಂಡಿನ ಉತ್ತರ ತುದಿಯ ಥರ್ಸೋಗೆ 1874ರಲ್ಲಿ ರೈಲು ಮುಟ್ಟುವವರೆಗೆ ಅಲ್ಲಿ ಕುದುರೆಗಳೇ ಅಂಚೆ ಎಳೆದವು.

ಭಾರತದಲ್ಲಿ ಬಹುಕಾಲ ಅಂಚೆ ಹೊತ್ತದ್ದು ಮನುಷ್ಯರ ಹೆಗಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರು ಅಂಚೆ, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರುವವರೆಗೂ ಮುಖ್ಯವಾಗಿ ಓಟಗಾರರನ್ನೇ ನಂಬಿತ್ತು. ಕುದುರೆಗಾಡಿ ಬಂದದ್ದು ಒಳ್ಳೆಯ ರಸ್ತೆ ಇದ್ದಲ್ಲಿ ಮಾತ್ರ. ಉತ್ತರದ ಗ್ರಾಂಡ್ ಟ್ರಂಕ್ ರಸ್ತೆಯಲ್ಲಿ ಡಾಕ್ ಗಾಡಿಗಳು ಓಡಿದವು. 1903ರಲ್ಲಿ ಬೆಟ್ಟದ ರೈಲು ಬರುವವರೆಗೆ ಕಾಲ್ಕಾದಿಂದ ಶಿಮ್ಲಾಕ್ಕೆ ಅಂಚೆ ಏರಿದ್ದು ಟಾಂಗಾಗಳಲ್ಲಿ. ಇತ್ತ ದಕ್ಷಿಣದಲ್ಲಿ, ಅಲ್ಲಿಯ ಬೆಟ್ಟದ ರೈಲಿಗೆ ಮೊದಲು, ಮೆಟ್ಟುಪಾಳ್ಯದಿಂದ ಊಟಿಗೂ ಹಾಗೆಯೇ.

ಬ್ರಿಟನ್ನಿನಲ್ಲಿ ಕುದುರೆಗೆ ಇನ್ನೊಂದು ಸರದಿಯೂ ಸಿಕ್ಕಿತು. 1883ರಲ್ಲಿ ಪಾರ್ಸೆಲ್ ಅಂಚೆ ಶುರುವಾದಾಗ ರೈಲು ಕಂಪನಿಗಳು ಅದರ ಆದಾಯದಲ್ಲಿ ಶೇಕಡ 55ರಷ್ಟು ಪಾಲು ಪಡೆದವು. ಇದು ದುಬಾರಿಯೆಂದು ಕಂಡ ಅಂಚೆ ಇಲಾಖೆ 1887ರ ಜೂನ್ 1ರಿಂದ ಲಂಡನ್–ಬ್ರೈಟನ್ ನಡುವೆ ರಾತ್ರಿ ಪಾರ್ಸೆಲ್ ಸಾರೋಟು ಓಡಿಸಿತು. ಉಗಿಬಂಡಿಯ ಕಾಲದಲ್ಲಿ ಕಾವಲುಗಾರ, ಕಹಳೆ, ನಾಲ್ಕು ಕುದುರೆ ಮತ್ತೆ ಹೆದ್ದಾರಿಗೆ ಬಂದವು, ಲೆಕ್ಕದಲ್ಲಿ ಅಗ್ಗವೂ ಆದವು. 1905ರಲ್ಲಿ ಆ ದಾರಿಗೆ ಮೋಟಾರು ಬಂತು. ಊರೊಳಗೆ ನಿಲ್ದಾಣಕ್ಕೂ ಅಂಚೆ ಕಚೇರಿಗೂ ಚೀಲ ಸಾಗಿಸುವ ಕುದುರೆ ವ್ಯಾನುಗಳು ಮಾತ್ರ ಎರಡು ಮಹಾಯುದ್ಧಗಳನ್ನೂ ದಾಟಿದವು. ಲಂಡನ್ನಿನ ಬೀದಿಗಳಿಂದ ಅಂಥ ಕೊನೆಯ ವ್ಯಾನು ಹಿಂದೆ ಸರಿದದ್ದು 1949ರಲ್ಲಿ.